ಮನೆ ಬಿಡದೆ ಫಾರಿನ್ ಟೂರ್

(ಸಂಘದ ಸಭೆಯಲ್ಲಿ ಒಬ್ಬರು ಓದಿ, ಎಲ್ಲರೂ ಕೂಡಿ ಚರ್ಚಿಸಲು)

ಪಾಠದ ಉದ್ದೇಶ
1. ಪರದೇಶಕ್ಕೆ ಹೋಗದೆ, ಸಾಲ ಮಾಡದೆ, ಮನೆಯವರೆಲ್ಲ ಸೇರಿ ಪ್ರವಾಸದ ಸಂತೋಷ ಪಡೆಯುವುದು ಹೇಗೆಂದು ತಿಳಿಯುವುದು.
2. ನಮ್ಮ ಊರು, ನಮ್ಮ ಹಿತ್ತಲು, ನಮ್ಮ ಅಡುಗೆಮನೆಗೆ ಹೊರದೇಶಗಳ ಜೊತೆ ಇರುವ ಸಂಬಂಧ ಗುರುತಿಸುವುದು.
3. ಮನೆಯ ರಜೆಯಲ್ಲಿ ಮನೆಯ ಹೆಂಗಸಿಗೂ ರಜೆ ಸಿಗುವಂತೆ ನೋಡಿಕೊಳ್ಳುವುದು.



"ದೇಶ ಸುತ್ತು, ಕೋಶ ಓದು" ಎಂಬ ಗಾದೆ ನಮಗೆಲ್ಲ ಗೊತ್ತು. ಆದರೆ ದೇಶ ಸುತ್ತಲು ದುಡ್ಡು ಬೇಕಲ್ಲ! ಏಪ್ರಿಲ್ ತಿಂಗಳು ಬಂತು ಅಂದರೆ ಸಾಕು, ಮಕ್ಕಳು ಶುರು ಮಾಡುತ್ತಾರೆ. ಪಕ್ಕದ ಮನೆಯವರು ದುಬೈಗೆ ಹೋದರು, ಕ್ಲಾಸಿನ ಗೆಳತಿ ಸಿಂಗಾಪುರಕ್ಕೆ ಹೋಗಿ ಬಂದಳು, ಫೋಟೋ ಎಲ್ಲ ಮೊಬೈಲಿನಲ್ಲಿ ಬಂದಿದೆ. "ಅಮ್ಮಾ, ನಾವು ಯಾವಾಗ ಹೋಗೋದು?" ಎಂದು ಕೇಳಿದರೆ ತಾಯಿ ಏನು ಹೇಳಬೇಕು? ಅಡಿಕೆಗೆ ಕೊಳೆ ಬಂದ ವರ್ಷ, ಮನೆಯವರಿಗೆ ಕೆಲಸ ಇಲ್ಲದ ತಿಂಗಳು, ಸಂಘದ ಕಂತು ಕಟ್ಟುವುದೇ ಕಷ್ಟ. "ಸುಮ್ನಿರು" ಎಂದು ಗದರಿಸಿ ಒಳಗೆ ಹೋಗುತ್ತೇವೆ. ಮಗುವಿನ ಮುಖ ಸಣ್ಣದಾಗುತ್ತದೆ. ನಮ್ಮ ಮನಸ್ಸೂ ಸಣ್ಣದಾಗುತ್ತದೆ.

ಇದಕ್ಕೆ ಒಂದು ಉಪಾಯವಿದೆ. ಮೂರು ದಿನ ಮನೆಯವರೆಲ್ಲ ಸೇರಿ "ನಾವು ಹೊರದೇಶಕ್ಕೆ ಬಂದಿದ್ದೇವೆ" ಎಂದು ಆಟ ಆಡುವುದು. ಊರು ಬಿಡುವುದಿಲ್ಲ, ಬಿಟ್ಟರೂ ಸಂಜೆಗೆ ವಾಪಸ್. ಕೇಳಿದರೆ ನಗು ಬರಬಹುದು. ನಗುತ್ತಲೇ ಪೂರ್ತಿ ಓದಿ.

1. ಆಟ ಬೇರೆ, ಸುಳ್ಳು ಬೇರೆ

ನೆಂಟರಿಷ್ಟರ ಮುಂದೆ ಮಾನ ಉಳಿಸಿಕೊಳ್ಳಲು "ನಾವೂ ಹೋಗಿ ಬಂದ್ವಿ" ಎನ್ನುವುದು ಸುಳ್ಳು. ಆ ಸುಳ್ಳನ್ನು ನಿಜ ಮಾಡಲು ಕೈಸಾಲ ಮಾಡಿ ಹೊರಡುವುದು ಇನ್ನೂ ದೊಡ್ಡ ತಾಪತ್ರಯ. ಆಟದಲ್ಲಿ ಯಾರಿಗೂ ಮೋಸವಿಲ್ಲ. ನಮ್ಮ ಕಡೆಯ ಯಕ್ಷಗಾನ ನೋಡಿ. ಹಗಲು ತೋಟಕ್ಕೆ ಹೋಗುವ ಪಕ್ಕದ ಮನೆಯಾತ ರಾತ್ರಿ ರಾವಣನಾಗಿ ನಿಲ್ಲುತ್ತಾನೆ. ಅವನು ಯಾರೆಂದು ನೋಡುವವರಿಗೆಲ್ಲ ಗೊತ್ತು. ಆದರೂ ಬೆಳಗಾಗುವ ತನಕ ಕೂತು ನೋಡಿ, ಏನೋ ಒಂದು ಕಲಿತು ಎದ್ದು ಬರುತ್ತೇವೆ. ಮನೆಯ ಪ್ರವಾಸದ ಆಟವೂ ಹೀಗೆಯೇ. ಮಕ್ಕಳಿಗೆ ಮೊದಲೇ ಹೇಳಿ: "ನಮಗೆ ಈ ವರ್ಷ ದೂರ ಹೋಗಲು ಆಗುವುದಿಲ್ಲ. ಆದ್ದರಿಂದ ಇಲ್ಲಿಯೇ ಹೋಗೋಣ." ಮನೆಯ ಪರಿಸ್ಥಿತಿ ನೇರವಾಗಿ ಹೇಳಿದರೆ ಮಕ್ಕಳಿಗೆ ಅರ್ಥವಾಗುತ್ತದೆ. ಮುಚ್ಚಿಟ್ಟರೆ ಮಾತ್ರ ಹಠ ಹೆಚ್ಚುತ್ತದೆ.

2. ಮೊದಲ ದಿನ: ಇಕ್ಕೇರಿಗೆ ಬಂದ ಇಟಲಿಯವನ ಕಣ್ಣು

ನಾವು ಫಾರಿನ್ನಿಗೆ ಹೋಗಬೇಕೆಂದು ಆಸೆಪಡುತ್ತೇವೆ. ಸುಮಾರು 400 ವರ್ಷದ ಹಿಂದೆ ಫಾರಿನ್ನಿನವರು ನಮ್ಮ ಊರು ನೋಡಲು ಬಂದಿದ್ದರು! ಇಟಲಿ ದೇಶದ ರೋಮ್ ನಗರದಲ್ಲಿ 1586ರಲ್ಲಿ ಹುಟ್ಟಿದ ಪಿಯೆತ್ರೋ ದೆಲ್ಲಾ ವಾಲ್ಲೆ ಎಂಬಾತ 1614ರಲ್ಲಿ ಮನೆ ಬಿಟ್ಟು ಹೊರಟ. ಟರ್ಕಿ, ಪರ್ಷಿಯಾ ದೇಶಗಳನ್ನು ಸುತ್ತಿ 1623ರಲ್ಲಿ ಭಾರತಕ್ಕೆ ಬಂದ. ಗೋವಾದ ಪೋರ್ಚುಗೀಸರು ಕೆಳದಿಯ ದೊರೆ ವೆಂಕಟಪ್ಪ ನಾಯಕನ ಬಳಿಗೆ ಒಬ್ಬ ರಾಯಭಾರಿಯನ್ನು ಕಳುಹಿಸಿದಾಗ ಈತನೂ ಜೊತೆಗೆ ಹೊರಟ. ಹೊನ್ನಾವರದಲ್ಲಿ ಇಳಿದು, ಶರಾವತಿ ಹೊಳೆಯಲ್ಲಿ ಗೇರುಸೊಪ್ಪೆಗೆ ಬಂದು, ಘಟ್ಟ ಹತ್ತಿ ಇಕ್ಕೇರಿ ಸೇರಿದ. ಆಗ ಇಕ್ಕೇರಿ ರಾಜಧಾನಿ. ಈಗ ಸಾಗರದಿಂದ ಆರೇಳು ಕಿಲೋಮೀಟರ್, ಅಘೋರೇಶ್ವರ ದೇವಸ್ಥಾನ ಇರುವ ಊರು. ಕಂಡದ್ದನ್ನೆಲ್ಲ ಆತ ಗೆಳೆಯನಿಗೆ ಪತ್ರವಾಗಿ ಬರೆದ. ಆ ಪತ್ರಗಳು ಮುಂದೆ ಪುಸ್ತಕವಾದವು.

ಆತ ಏನು ಬರೆದ? ಚಿನ್ನ, ಅರಮನೆ, ಆನೆಯ ಸುದ್ದಿ ಮಾತ್ರವಲ್ಲ. ಹುಡುಗಿಯರು ಬಣ್ಣದ ಕೋಲು ಹಿಡಿದು ಕೋಲಾಟ ಆಡಿದ್ದನ್ನು ಬರೆದ. ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು "ಮೆಣಸಿನ ರಾಣಿ" ಎಂದು ಕರೆಯುತ್ತಿದ್ದುದನ್ನು ಬರೆದ. ನಮ್ಮ ಸಾಗರ ತಾಲ್ಲೂಕಿನ ಕಾನೂರು ಕೋಟೆಯ ಜೊತೆ ಹೆಸರು ಸೇರಿರುವ ಚೆನ್ನಭೈರಾದೇವಿಯೇ ಆ ಮೆಣಸಿನ ರಾಣಿ ಎಂದು ನಾವು ಇಂದು ನೆನೆಯುತ್ತೇವೆ.

ಎಲ್ಲಕ್ಕಿಂತ ಚೆನ್ನಾಗಿರುವುದು ಇನ್ನೊಂದು ಸಂಗತಿ. ಘಟ್ಟದ ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ನಾಲ್ಕು ಹುಡುಗರು ಕೂತು ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ಸಣ್ಣ ಮರಳು ಹರಡಿ, ರಾಗವಾಗಿ ಹೇಳುತ್ತಾ, ಬೆರಳಲ್ಲಿ ಬರೆಯುತ್ತಿದ್ದರು. ಕಾಗದ ಇಲ್ಲ, ಲೇಖನಿ ಇಲ್ಲ, ಮೇಷ್ಟ್ರೂ ಇಲ್ಲ. ಈತನಿಗೆ ಆಶ್ಚರ್ಯ. "ಮರೆತುಹೋದರೆ ತಿದ್ದುವವರು ಯಾರು?" ಎಂದು ವಿಚಾರಿಸಿದ. ನಾಲ್ಕು ಜನವೂ ಒಂದೇ ಸಲ ಮರೆಯುವುದಿಲ್ಲ, ಒಬ್ಬ ತಪ್ಪಿದರೆ ಉಳಿದವರು ತಿದ್ದುತ್ತಾರೆ, ಅದಕ್ಕಾಗಿಯೇ ಕೂಡಿ ಕಲಿಯುತ್ತೇವೆ ಎಂಬ ಅರ್ಥದ ಉತ್ತರ ಹುಡುಗರಿಂದ ಬಂತು. ಸಹೋದರಿಯರೇ, ಇದು ನಮ್ಮ ಸಂಘದ ಮಾತಲ್ಲವೇ? ವಾರದ ಸಭೆಯಲ್ಲಿ ಪುಸ್ತಕ ಬರೆಯುವಾಗ ಒಬ್ಬರು ಕೂಡಿದ್ದನ್ನು ಇನ್ನೊಬ್ಬರು ನೋಡುವುದು ಇದೇ ಕಾರಣಕ್ಕೆ.

ಆತ ಬರೆದದ್ದರಲ್ಲಿ ದುಃಖದ ಸುದ್ದಿಯೂ ಇದೆ. ಇಕ್ಕೇರಿಯಲ್ಲಿ ಡೋಲು ಬಾರಿಸುವ ಒಬ್ಬಾತ ಸತ್ತಿದ್ದ. ಅವನ ಹೆಂಡತಿ ಸಹಗಮನಕ್ಕೆ ಸಿದ್ಧಳಾಗಿದ್ದಳು. ಈತ ಅವಳ ಮನೆಗೆ ಹೋಗಿ ಮಾತಾಡಿಸಿದ, ಬೇಡವೆಂದು ಹೇಳಿ ನೋಡಿದ. ಅವಳು ಒಪ್ಪಲಿಲ್ಲ. ಹೆಸರು ಕೇಳಿ ಬರೆದುಕೊಂಡ: ಜಕ್ಕಮ್ಮ. ನಮ್ಮ ಸೀಮೆಯಲ್ಲಿ ಬದುಕಿದ್ದ ಒಬ್ಬ ಬಡ ಹೆಂಗಸಿನ ಹೆಸರು ಇಷ್ಟು ವರ್ಷ ಉಳಿದದ್ದು ಹೊರದೇಶದ ಒಬ್ಬಾತ ಕೇಳಿ ಬರೆದುಕೊಂಡದ್ದರಿಂದ.

ನಿಜವಾದ ಪ್ರವಾಸಿ ಅಂದರೆ ಹೀಗೆ. ನೋಡುತ್ತಾನೆ, ವಿಚಾರಿಸುತ್ತಾನೆ, ಹೆಸರು ಕೇಳುತ್ತಾನೆ, ಬರೆದಿಡುತ್ತಾನೆ. ಮೊದಲ ದಿನದ ಆಟ ಇಷ್ಟೇ: ನೀವೆಲ್ಲ ಇಟಲಿಯಿಂದ ಬಂದವರು. ಸಾಗರದವರು ಇಕ್ಕೇರಿಗೆ ಅಥವಾ ಕೆಳದಿಗೆ ಹೋಗಿ. ಹೊಸನಗರದವರು ನಗರದ ಕೋಟೆಗೆ ಹೋಗಿ. ಇಕ್ಕೇರಿಯ ನಂತರ ಅದೇ ರಾಜಧಾನಿ, ಆಗ ಅದರ ಹೆಸರು ಬಿದನೂರು, 1763ರಲ್ಲಿ ಹೈದರಾಲಿ ಗೆದ್ದ ಊರು. ತೀರ್ಥಹಳ್ಳಿಯವರಿಗೆ ಕವಲೇದುರ್ಗ ಇದೆ. ಏರು ಹತ್ತಲು ಆಗದವರಿಗೆ ಕುಪ್ಪಳಿಯಲ್ಲಿ ಕುವೆಂಪು ಅವರ ಮನೆ ಇದೆ, ಹಳೆಯ ಮಲೆನಾಡಿನ ಮನೆ ಹೇಗಿತ್ತು ಎಂದು ಮಕ್ಕಳಿಗೆ ತೋರಿಸಬಹುದು. ಮೊದಲೇ ನೋಡಿದ ಜಾಗವಾದರೂ ಹೊಸಬರಂತೆ ನೋಡಿ. ಕಲ್ಲು ಎಲ್ಲಿಂದ ತಂದರು? ನೀರು ಎಲ್ಲಿಂದ ಬರುತ್ತಿತ್ತು? ಹೆಂಗಸರು ಎಲ್ಲಿ ಕೂರುತ್ತಿದ್ದರು? ಅಲ್ಲಿರುವ ಒಬ್ಬ ಹಿರಿಯರನ್ನು ಮಾತಾಡಿಸಿ, ಹೆಸರು ಕೇಳಿ.

3. ಎರಡನೆಯ ದಿನ: ಹಿತ್ತಲಿನಲ್ಲೇ ಅಮೇರಿಕಾ

ಎರಡನೆಯ ದಿನ ಬಸ್ಸೂ ಬೇಡ. ಹಿತ್ತಲಿಗೆ ಇಳಿದರೆ ಸಾಕು. ಒಣಮೆಣಸಿನಕಾಯಿ, ಟೊಮೆಟೊ, ಆಲೂಗಡ್ಡೆ, ಬೀನ್ಸ್, ಸಿಹಿಗುಂಬಳ, ಗೋವಿನಜೋಳ, ಶೇಂಗಾ, ಮರಗೆಣಸು, ಗೇರು, ಪೇರಲೆ, ಪಪ್ಪಾಯಿ, ಅನಾನಸ್ ಇವೆಲ್ಲ ನಮ್ಮ ನೆಲದಲ್ಲಿ ಹುಟ್ಟಿದವಲ್ಲ. ಇವುಗಳ ಮೂಲ ಅಮೇರಿಕಾ ಖಂಡಗಳು. ವಾಸ್ಕೋ ಡ ಗಾಮ 1498ರಲ್ಲಿ ಕಲ್ಲಿಕೋಟೆಗೆ ಬಂದ ಮೇಲೆ ಪೋರ್ಚುಗೀಸರ ಹಡಗುಗಳಲ್ಲಿ ಇವುಗಳಲ್ಲಿ ಹಲವು ಬಂದವು, ಕೆಲವು ಆಮೇಲೆ ಬೇರೆಯವರ ಕೈಯಿಂದ ಬಂದವು.

ಹೆಸರು ನೋಡಿದರೂ ಗೊತ್ತಾಗುತ್ತದೆ. ಪಪ್ಪಾಯಿಯನ್ನು ನಾವು "ಪರಂಗಿ ಹಣ್ಣು" ಎನ್ನುತ್ತೇವೆ. ಪರಂಗಿ ಎಂದರೆ ಫರಂಗಿ, ಅಂದರೆ ಯುರೋಪಿನವ. ಅನಾನಸ್ ಪೋರ್ಚುಗೀಸರ ಬಾಯಿಂದ ಬಂದ ಹೆಸರು. ಅವರು ಹಡಗು ಹತ್ತಿ ಬಂದದ್ದು ನಮ್ಮ ಕಾಳುಮೆಣಸಿಗಾಗಿ. ಬರುವಾಗ ಇನ್ನೊಂದು ಖಾರದ ಕಾಯಿ ತಂದರು. ಅದಕ್ಕೆ ನಮ್ಮವರು "ಮೆಣಸಿನಕಾಯಿ" ಎಂದು ಹಳೆಯ ಮೆಣಸಿನ ಹೆಸರನ್ನೇ ಇಟ್ಟು ಮನೆಯವಳನ್ನಾಗಿ ಮಾಡಿಕೊಂಡರು. ಈಗ ಮೆಣಸಿನಕಾಯಿ ಹಾಕದ ಸಾರು ಉಂಟಾ?

ಬೇಲಿಯಾಚೆ ನೋಡಿ. ಅಕೇಶಿಯಾ, ನೀಲಗಿರಿ ಆಸ್ಟ್ರೇಲಿಯಾ ಕಡೆಯವು. ರಬ್ಬರ್ ಬ್ರೆಜಿಲ್ ದೇಶದ ಕಾಡಿನದು. ಕಾಫಿ ಗಿಡದ ಮೂಲ ಆಫ್ರಿಕಾದ ಇಥಿಯೋಪಿಯಾ. ಯೆಮೆನ್ ದೇಶದಿಂದ ಬಾಬಾ ಬುಡನ್ ಅದರ ಬೀಜ ತಂದು ಚಂದ್ರದ್ರೋಣ ಬೆಟ್ಟದಲ್ಲಿ ಬಿತ್ತಿದರೆಂಬ ಐತಿಹ್ಯ ಎಲ್ಲರಿಗೂ ಗೊತ್ತು. ಬಂದವರೆಲ್ಲ ಒಳ್ಳೆಯವರೂ ಅಲ್ಲ. ಗೋಮಾಳದಲ್ಲಿ ಹಬ್ಬಿ ಹುಲ್ಲು ಕೆಡಿಸುವ ಲಂಟಾನವೂ ಅಮೇರಿಕಾದಿಂದಲೇ ಬಂದದ್ದು. ಮಕ್ಕಳಿಗೆ ಒಂದು ಭೂಪಟ ಕೊಟ್ಟು, ಯಾವ ಗಿಡ ಯಾವ ದೇಶದ್ದೆಂದು ಗುರುತು ಹಾಕಲು ಹೇಳಿ. ಭೂಪಟ ಇಲ್ಲದಿದ್ದರೆ ಶಾಲೆಯ ಸಮಾಜ ಪುಸ್ತಕ ಸಾಕು.

ಮಧ್ಯಾಹ್ನಕ್ಕೆ ಒಂದು ಪಂದ್ಯ: ಅಮೇರಿಕಾದಿಂದ ಬಂದ ಯಾವುದೂ ಇಲ್ಲದ ಅಡುಗೆ ಮಾಡಬೇಕು. ಮೆಣಸಿನಕಾಯಿ ಇಲ್ಲ, ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಕಾಳುಮೆಣಸಿನ ಸಾರು, ಬೂದುಗುಂಬಳದ ಹುಳಿ, ಬಾಳೆದಿಂಡಿನ ಪಲ್ಯ, ಕೆಸುವಿನ ಸೊಪ್ಪು, ಹಲಸಿನ ಗುಜ್ಜೆ, ಮಾವಿನ ಮಿಡಿ, ಮಜ್ಜಿಗೆ. ಮೆಣಸಿನಕಾಯಿ ಬರುವ ಮೊದಲು ಅದನ್ನು ಕಾಣದ ನಮ್ಮ ಹಿಂದಿನವರು ಹೀಗೆಯೇ ಅಡುಗೆ ಮಾಡಿರಬೇಕು. ಸಂಜೆ ಅದಕ್ಕೆ ತದ್ವಿರುದ್ಧ: ಎಲ್ಲವೂ ಹೊರಗಿನಿಂದ ಬಂದದ್ದೇ. ಬೇಯಿಸಿದ ಮರಗೆಣಸು, ಹುರಿದ ಶೇಂಗಾ, ಸುಟ್ಟ ಜೋಳ, ಅನಾನಸ್. ಹೊರದೇಶದ ತಿಂಡಿ ತಿಂದಂತೆಯೂ ಆಯಿತು, ಅಂಗಡಿ ಖರ್ಚೂ ಇಲ್ಲ.

ಗಲ್ಫ್ ದೇಶದಲ್ಲಿ ದುಡಿಯುವ ಅಣ್ಣನೋ ಚಿಕ್ಕಪ್ಪನೋ ಇದ್ದರೆ ಆ ರಾತ್ರಿ ಫೋನ್ ಮಾಡಿ. "ದುಡ್ಡು ಕಳಿಸಿದ್ಯಾ?" ಎಂದು ಕೇಳುವುದು ಇದ್ದೇ ಇರುತ್ತದೆ. ಅಂದು ಮಾತ್ರ "ಬೆಳಗ್ಗೆ ಎಷ್ಟು ಹೊತ್ತಿಗೆ ಏಳ್ತೀಯ? ಏನು ತಿಂತೀಯ? ರೂಮಿನಲ್ಲಿ ಎಷ್ಟು ಜನ?" ಎಂದು ಕೇಳಿ. ದುಬೈನಲ್ಲಿ ನಮಗಿಂತ ಒಂದೂವರೆ ಗಂಟೆ ಹಿಂದೆ. ಏಪ್ರಿಲ್–ಮೇ ತಿಂಗಳಲ್ಲಿ ಇಟಲಿ ಮೂರೂವರೆ ಗಂಟೆ ಹಿಂದೆ. ಮಕ್ಕಳು ಗಡಿಯಾರ ಇಟ್ಟುಕೊಂಡು ಲೆಕ್ಕ ಹಾಕಲಿ. ಹೊರದೇಶವೆಂದರೆ ಬರೀ ಎತ್ತರದ ಕಟ್ಟಡವಲ್ಲ, ಅಲ್ಲಿ ನಮ್ಮವರ ಬೆವರೂ ಇದೆ ಎಂದು ಅವರಿಗೆ ತಿಳಿಯುತ್ತದೆ.

4. ಮೂರನೆಯ ದಿನ: ಸಿರ್ಸಿ ದಾಟಿದರೆ ಟಿಬೆಟ್

ಕೈಯಲ್ಲಿ ಸ್ವಲ್ಪ ಹಣವಿದ್ದರೆ, ಅದರಲ್ಲೂ ಸಾಗರದ ಕಡೆಯವರು, ಮುಂಜಾನೆ ಹೊರಟು ಮುಂಡಗೋಡಿಗೆ ಹೋಗಿಬರಬಹುದು. 1959ರಲ್ಲಿ ದಲೈ ಲಾಮಾ ಟಿಬೆಟ್ ಬಿಟ್ಟು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬೆಟ್ಟ ದಾಟಿ ಬಂದರು. ಅಂದಿನ ಮೈಸೂರು ಸರ್ಕಾರ ಅವರಿಗೆ ಜಮೀನು ಕೊಟ್ಟಿತು. ಬೈಲಕುಪ್ಪೆಯ ನಂತರ 1966ರಲ್ಲಿ ಮುಂಡಗೋಡಿನಲ್ಲೂ ನೆಲೆ ಕೊಡಲಾಯಿತು. ಹಿಮದ ನಾಡಿನವರು ಕಾಡು ಕಡಿದು ಹೊಲ ಮಾಡಿದರು. ತಮ್ಮ ದೇಶದ ಗಾದೆನ್, ದ್ರೆಪುಂಗ್ ಎಂಬ ದೊಡ್ಡ ಮಠಗಳನ್ನು ಇಲ್ಲಿ ಮತ್ತೆ ಕಟ್ಟಿದರು. ಲಾಮಾ ಕ್ಯಾಂಪಿಗೆ ಹೋದರೆ ಪ್ರಾರ್ಥನಾ ಚಕ್ರ, ಬಣ್ಣದ ಪತಾಕೆ, ಮೊಮೊ ಮತ್ತು ತುಕ್ಪಾ ಮಾರುವ ಹೋಟೆಲು, ಕೆಂಪು ವಸ್ತ್ರದ ಬಿಕ್ಕುಗಳು ಎಲ್ಲ ಕಾಣುತ್ತವೆ. "ತಾಶಿ ದೆಲೆ" ಎಂದರೆ ಅವರ ನಮಸ್ಕಾರ.

ಹೋದಾಗ ನೆನಪಿಡಿ: ಪ್ರಾರ್ಥನಾ ಮಂದಿರಕ್ಕೆ ಚಪ್ಪಲಿ ಬಿಟ್ಟು ಹೋಗಬೇಕು, ಗದ್ದಲ ಮಾಡಬಾರದು. ಚಕ್ರ ತಿರುಗಿಸುವುದು, ಸುತ್ತು ಬರುವುದು ಬಲಕ್ಕೆ, ಪ್ರದಕ್ಷಿಣೆಯಂತೆ. ಕೇಳದೆ ಫೋಟೋ ತೆಗೆಯಬಾರದು. ನಮಗೆ ಇದು ಒಂದು ದಿನದ ಆಟ, ಅವರಿಗೆ ಅಲ್ಲ. ಅಲ್ಲಿನ ಅನೇಕ ಹಿರಿಯರು ಹುಟ್ಟಿದ ಮನೆಯನ್ನು ಮತ್ತೆ ನೋಡಲೇ ಇಲ್ಲ. ನಮ್ಮ ಮಾತಿನಲ್ಲಿ "ಪರದೇಶಿ" ಎಂದರೆ ಬೇರೆ ದೇಶದವ ಎಂದೂ ಆಗುತ್ತದೆ, ದಿಕ್ಕಿಲ್ಲದವ ಎಂದೂ ಆಗುತ್ತದೆ. ಎರಡೂ ಅರ್ಥ ಯಾಕೆ ಒಂದೇ ಪದದಲ್ಲಿ ಸೇರಿತು ಎಂದು ಅಲ್ಲಿ ನಿಂತರೆ ತಿಳಿಯುತ್ತದೆ.

ಈ ದುಃಖ ನಮ್ಮ ತಾಲ್ಲೂಕುಗಳಿಗೆ ಹೊಸದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ನೀರು ನಿಂತಾಗ ಸಾಗರ, ಹೊಸನಗರದ ಎಷ್ಟೋ ಊರು ಮುಳುಗಿದವು. ಮನೆ ಬಿಟ್ಟವರು ದೇಶದೊಳಗೇ ಪರದೇಶಿಗಳಾದರು. ತುಮರಿ ಕಡೆಯವರಿಗಂತೂ ಹಿನ್ನೀರಿನಾಚೆಯ ಸಾಗರ ಪೇಟೆಯೇ ಬೇರೆ ದೇಶದಂತಾಯಿತು, ಲಾಂಚ್ ಇಲ್ಲದೆ ಆಸ್ಪತ್ರೆ ಇರಲಿಲ್ಲ. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಮುಂಡಗೋಡು ದೂರವೆನಿಸಿದರೆ ಮೂರನೆಯ ದಿನ ಈ ಸೇತುವೆ ದಾಟಿ ಹೋಗಿ, ಮುಳುಗಡೆ ಕಂಡ ಒಬ್ಬ ಅಜ್ಜಿಯ ಕಥೆ ಕೇಳಿ ಬನ್ನಿ. ಯಾವ ವಿಮಾನವೂ ಆ ಅಜ್ಜಿಯ ಊರಿಗೆ ಹೋಗುವುದಿಲ್ಲ. ಅವಳ ಮಾತಿನಲ್ಲಿ ಮಾತ್ರ ಹೋಗಲು ಸಾಧ್ಯ.

5. ಅಮ್ಮನೂ ಪ್ರವಾಸಿಯೇ

ಈಗ ಮುಖ್ಯ ವಿಷಯ. ಮಕ್ಕಳು ಇಟಲಿಗೆ, ಗಂಡ ಅಮೇರಿಕಾಕ್ಕೆ, ನಾವು ಮಾತ್ರ ಒಲೆಯ ಮುಂದೆ ಕೂತರೆ ಅದು ಎಂಥ ಪ್ರವಾಸ? ಹೋಟೆಲಿನಲ್ಲಿ ಉಳಿದವರ ಮನೆಯ ಹೆಂಗಸಿಗೆ ಪಾತ್ರೆ ತೊಳೆಯುವ ಕೆಲಸ ಇರುವುದಿಲ್ಲ. ಮನೆಯಲ್ಲೇ ಪ್ರವಾಸ ಎಂದರೆ ಕೆಲಸ ದುಪ್ಪಟ್ಟಾಗುವ ಅಪಾಯ ಇದೆ. ಆದ್ದರಿಂದ ಆಟದ ಮೊದಲ ನಿಯಮ ಇದಾಗಿರಲಿ: ಮೂರು ದಿನ ಕೆಲಸ ಹಂಚಿಕೆ. ಒಂದು ಹೊತ್ತು ಗಂಡಸರ ಅಡುಗೆ, ಒಂದು ಹೊತ್ತು ಮಕ್ಕಳ ತಿಂಡಿ. ಪಾತ್ರೆ, ಬಟ್ಟೆ, ಕೊಟ್ಟಿಗೆ ಎಲ್ಲಕ್ಕೂ ಹೆಸರು ಬರೆದು ಗೋಡೆಗೆ ಅಂಟಿಸಿ. "ಹೊರದೇಶದಲ್ಲಿ ಹೀಗೇ ಕಣ್ರೀ" ಎಂದು ನಗುತ್ತಾ ಹೇಳಿದರೆ ಒಪ್ಪುತ್ತಾರೆ. ಮೂರು ದಿನ ಒಪ್ಪಿದವರು ನಾಲ್ಕನೆಯ ದಿನವೂ ಒಪ್ಪಬಹುದು!

ಇನ್ನೊಂದು ಕೆಲಸ: ಆ ನಾಲ್ಕು ಹುಡುಗರಂತೆ ಅಂಗಳದಲ್ಲಿ ಮರಳು ಹರಡಿ. ಅಕ್ಷರ ಬಾರದ ತಾಯಿಗೆ ಮಕ್ಕಳು ಕಲಿಸಲಿ. ಹೆಬ್ಬೆಟ್ಟು ಒತ್ತುವವರು ಮೂರು ದಿನದಲ್ಲಿ ತಮ್ಮ ಹೆಸರು ಬರೆಯಲು ಕಲಿತರೆ, ಯಾವ ಫಾರಿನ್ ಟೂರಿನಿಂದಲೂ ಸಿಗದ ಲಾಭ ಅದು.

6. ಹಣದ ಲೆಕ್ಕ

ಒಂದು ಲೆಕ್ಕ ಮಾಡಿ ನೋಡೋಣ. ಪ್ರವಾಸಕ್ಕೆಂದು 30,000 ರೂಪಾಯಿ ಸಾಲ ಪಡೆದರೆ, ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿಯಂತೆ ಮೊದಲ ತಿಂಗಳಿನ ಬಡ್ಡಿಯೇ 600 ರೂಪಾಯಿ. ತಿಂಗಳಿಗೆ 3,000ದಂತೆ ಹತ್ತು ಕಂತಿನಲ್ಲಿ ತೀರಿಸಿದರೆ ಒಟ್ಟು ಬಡ್ಡಿ 3,300. ಅದೇ ವಾರಕ್ಕೆ 20 ರೂಪಾಯಿಯಂತೆ 30 ವಾರ ಬೇರೆ ಡಬ್ಬಿಯಲ್ಲಿ ಹಾಕಿದರೆ 600 ರೂಪಾಯಿ ಆಗುತ್ತದೆ. ಅಂದರೆ ಆ ಸಾಲದ ಒಂದು ತಿಂಗಳ ಬಡ್ಡಿಯಲ್ಲಿ ಮನೆಯ ಪ್ರವಾಸದ ಹೆಚ್ಚಿನ ಖರ್ಚು ಮುಗಿಯಿತು! ಸಂಘದ ಸಾಲ ಹಸುವಿಗೆ, ಹೊಲಿಗೆ ಯಂತ್ರಕ್ಕೆ, ಮಕ್ಕಳ ಫೀಸಿಗೆ, ಆಸ್ಪತ್ರೆಗೆ ಇರಲಿ.

ಬಸ್ಸಿನ ವಿಷಯ: 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರು ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣ ಕೊಡದೆ ಹೋಗಬಹುದು. ಗುರುತಿನ ಚೀಟಿ ಮರೆಯಬೇಡಿ. ಆದರೆ ನಮ್ಮ ಮೂರೂ ತಾಲ್ಲೂಕಿನಲ್ಲಿ ಓಡುವುದು ಹೆಚ್ಚಾಗಿ ಖಾಸಗಿ ಬಸ್ಸು. ಅದಕ್ಕೆ ಈ ಯೋಜನೆ ಇಲ್ಲ. ಆದ್ದರಿಂದ ಸರ್ಕಾರಿ ಬಸ್ಸಿನ ಸಮಯ ಮೊದಲೇ ವಿಚಾರಿಸಿಕೊಂಡು ಹೊರಡಿ.

ಮನೆಯಲ್ಲಿ ಮಾಡಿ ನೋಡಿ: ಪ್ರತಿಯೊಬ್ಬರಿಗೂ ಹಳೆಯ ನೋಟ್‌ಬುಕ್ಕಿನ ಹಾಳೆ ಹೊಲಿದು ಒಂದು "ಪಾಸ್‌ಪೋರ್ಟ್" ಮಾಡಿಕೊಡಿ. ದಿನಕ್ಕೆ ಒಂದು ಪುಟ. ಅದರಲ್ಲಿ ನಾಲ್ಕು ಸಾಲು: ಇಂದು ನೋಡಿದ್ದು, ತಿಂದದ್ದು, ಕೇಳಿದ ಹೊಸ ಪದ, ಪರಿಚಯವಾದವರ ಹೆಸರು. ಬರೆಯಲು ಬಾರದವರು ಚಿತ್ರ ಬಿಡಿಸಲಿ.

ಚರ್ಚೆಗೆ ಪ್ರಶ್ನೆಗಳು
1. ನೆಂಟರ ಮುಂದೆ ಮಾನಕ್ಕಾಗಿ ನಾವು ಯಾವ ಯಾವ ಖರ್ಚು ಮಾಡುತ್ತೇವೆ? ಅದರಲ್ಲಿ ಯಾವುದನ್ನು ಬಿಡಬಹುದು?
2. ನಿಮ್ಮ ಹಿತ್ತಲಿನಲ್ಲಿ ಹೊರದೇಶದಿಂದ ಬಂದ ಗಿಡ ಎಷ್ಟಿವೆ? ಎಣಿಸಿ ಬನ್ನಿ.
3. ಮದುವೆಯಾದ ಮೇಲೆ ಕೆಲಸವಿಲ್ಲದೆ ಪೂರ್ತಿ ಒಂದು ದಿನ ಕಳೆದದ್ದು ನೆನಪಿದೆಯೇ? ಯಾವಾಗ?
4. ನಮ್ಮ ಊರಿಗೆ ಹೊರಗಿನಿಂದ ಬಂದು ನೆಲೆಸಿದವರ ಹೆಸರು ನಮಗೆ ಗೊತ್ತಿದೆಯೇ? ನಾವು ಅವರನ್ನು ಹೇಗೆ ಮಾತಾಡಿಸುತ್ತೇವೆ?

ಸಂಘದ ತೀರ್ಮಾನ: ಈ ರಜೆಯಲ್ಲಿ ಆಟ ಆಡುವ ಮನೆಗಳ ಹೆಸರನ್ನು ಇಂದೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ. ಶಾಲೆ ಶುರುವಾದ ಮೇಲಿನ ಮೊದಲ ಸಭೆಗೆ ಮನೆಯ "ಪಾಸ್‌ಪೋರ್ಟ್" ತನ್ನಿ, ಒಬ್ಬೊಬ್ಬರು ಒಂದೊಂದು ಪುಟ ಓದಿ. ಹೆಸರು ಬರೆಯಲು ಹೊಸದಾಗಿ ಕಲಿತ ಸದಸ್ಯೆ ಅಂದು ಹಾಜರಿ ಪುಸ್ತಕಕ್ಕೆ ಎಲ್ಲರಿಗಿಂತ ಮೊದಲು ಸಹಿ ಹಾಕಲಿ.